ಕಂಡವನ ಹೊಣೆ

ಪರರ ನೋವನ್ನು ಕಂಡು ಕರಗದ ಮನಸ್ಸು ಧರ್ಮಕ್ಕೆ ನೆಲೆಯಾಗಲಾರದೆಂಬುದು ಎಲ್ಲ ಹಿರಿಯರೂ ಒಪ್ಪಿದ ಮಾತು. ಶರಣರ ಬೋಧೆಯಲ್ಲಂತೂ ದಯೆಗೆ ಅಗ್ರಸ್ಥಾನವೇ ಸಂದಿದೆ. ಆದರೆ ಮನಸ್ಸು ಕರಗಿದ ಮೇಲೆ ಮುಂದೇನೆಂಬ ಪ್ರಶ್ನೆಗೆ ಉತ್ತರವು ಅಷ್ಟು ಸುಲಭವಲ್ಲ. ಕರಗಿದುದೇ ಸಾಕೆ? ಕಂಡೊಡನೆ ಕೈ ಚಾಚಲೇಬೇಕೆ? ಕೈ ಚಾಚದೆ ತಡೆದುಕೊಳ್ಳುವುದೂ ಒಮ್ಮೊಮ್ಮೆ ದಯೆಯೆನಿಸೀತೆ? ಅಥವಾ ಅದು ಸೋಮಾರಿತನಕ್ಕೆ ತೊಡಿಸಿದ ಸಭ್ಯವಾದ ಉಡುಪೇ? ಈ ಪ್ರಶ್ನೆಗಳು ಹಳೆಯವು. ಈಗಿನ ಕಾಲದ ಒಂದು ಉಪಕರಣವು ಅವನ್ನು ಮತ್ತೆ ಹರಿತಗೊಳಿಸಿ ಗೃಹಸ್ಥರ ಮನೆಯೊಳಕ್ಕೇ ತಂದಿರಿಸಿದೆ.

ಹಿಂದಿನ ಕಾಲದಲ್ಲಿ ಕಣ್ಣಿನ ದೂರವೂ ಕಾಲಿನ ದೂರವೂ ಬಹುಮಟ್ಟಿಗೆ ಒಂದೇ ಆಗಿದ್ದಿತು. ಕೆರೆಯಲ್ಲಿ ಮುಳುಗುತ್ತಿರುವವನನ್ನು ಕಂಡವನು ಕೆರೆಯ ಏರಿಯ ಮೇಲೆಯೇ ಇರುತ್ತಿದ್ದನು. ಹೊಲದ ಬದುವಿನಲ್ಲಿ ಬಿದ್ದ ಹಕ್ಕಿಮರಿಯನ್ನು ಕಂಡವನು ಆ ಬದುವಿನಲ್ಲಿಯೇ ನಿಂತಿರುತ್ತಿದ್ದನು. ಕಂಡವನಿಗೆ ಹೊಣೆಯು ತಾನಾಗಿಯೇ ಬರುತ್ತಿತ್ತು. ಇಂದು ಅಂತರಜಾಲದ ಕ್ಯಾಮೆರಾವು ಮನುಷ್ಯನ ಕಣ್ಣನ್ನು ಸಾವಿರಾರು ಮೈಲಿಗಳಾಚೆಗೆ ಒಯ್ದಿದೆ. ಕೈಯನ್ನು ಇದ್ದಲ್ಲಿಯೇ ಬಿಟ್ಟಿದೆ. ಕಾಣುವ ಶಕ್ತಿಯು ಹೆಚ್ಚಿ ಮಾಡುವ ಶಕ್ತಿಯು ಹೆಚ್ಚದೆ ಉಳಿದಾಗ ದಯೆಯ ಗತಿ ಏನಾಗುತ್ತದೆ ಎಂಬುದನ್ನು ತಿಳಿಯಲು ಹಕ್ಕಿಗೂಡುಗಳ ಮುಂದಿಟ್ಟ ಕ್ಯಾಮೆರಾಗಳಿಗಿಂತ ಒಳ್ಳೆಯ ದೃಷ್ಟಾಂತವು ದೊರೆಯಲಾರದು.

ಅಮೆರಿಕದ ಅಯೋವಾ ರಾಜ್ಯದ ಡಿಕೋರಾ ಎಂಬ ಊರಿನ ಹದ್ದಿನ ಗೂಡು 2011ರಲ್ಲಿ ಈ ಬಗೆಯಿಂದ ಲೋಕಪ್ರಸಿದ್ಧವಾಯಿತು. ಮರುವರ್ಷ, 2012ರಲ್ಲಿ, ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿಶಾಸ್ತ್ರ ಸಂಸ್ಥೆಯು ತನ್ನ ಹಕ್ಕಿ ಕ್ಯಾಮೆರಾಗಳನ್ನು ಆರಂಭಿಸಿತು. ಈಗ ಅನೇಕ ದೇಶಗಳಲ್ಲಿ ಇಂಥ ಏರ್ಪಾಡುಗಳಿವೆ. ಹಕ್ಕಿಗಳು ಗೂಡಿಗೆ ಬರುವ ಮೊದಲೇ ಕ್ಯಾಮೆರಾವನ್ನು ಮರದಲ್ಲಿ ಬಿಗಿಯುತ್ತಾರೆ. ಇರುಳಿನಲ್ಲಿ ಹಕ್ಕಿಯ ಕಣ್ಣಿಗೆ ಕಾಣದ ಅವಗೆಂಪು ಬೆಳಕಿನಿಂದ ಚಿತ್ರವನ್ನು ಹಿಡಿಯುತ್ತಾರೆ. ಉತ್ತರ ದೇಶಗಳಲ್ಲಿ ಹಿಮವು ಇನ್ನೂ ಕರಗದಿರುವಾಗಲೇ, ವಸಂತದ ಮೊದಲ ಸುಳಿವಿನಲ್ಲಿಯೇ, ಹದ್ದುಗಳು ಮೊಟ್ಟೆಯಿಟ್ಟು ಕಾವು ಕೊಡತೊಡಗುತ್ತವೆ. ಗಂಡು ಹೆಣ್ಣುಗಳೆರಡೂ ಸರದಿಯ ಮೇಲೆ ಐದು ವಾರಗಳಿಗೂ ಮಿಕ್ಕಿ ಕಾವಿಗೆ ಕುಳಿತಿರುವುದನ್ನು, ಮೊಟ್ಟೆಯಲ್ಲಿ ಮೊದಲ ಬಿರುಕು ಮೂಡುವುದನ್ನು, ಕಣ್ಣು ಬಿಟ್ಟ ಮರಿಗೆ ತಾಯಿಯು ಆಹಾರವನ್ನು ಚೂರುಚೂರಾಗಿ ಹರಿದು ಉಣಿಸುವುದನ್ನು ಮನೆಯಲ್ಲಿ ಕುಳಿತೇ ಕಾಣಬಹುದಾಗಿದೆ. ಅಲ್ಲಿ ಹಗಲಾಗಿರುವಾಗ ಇಲ್ಲಿ ಇರುಳು; ಆದರೂ ನಿದ್ದೆಗೆಟ್ಟು ನೋಡುವವರಿಗೆ ಕೊರತೆಯಿಲ್ಲ.

ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋ ಬೆಟ್ಟಗಳಲ್ಲಿ ಬಿಗ್ ಬೇರ್ ಎಂಬ ಸರೋವರವಿದೆ. ಅದರ ಬಳಿಯ ಒಂದು ಪೈನ್ ಮರದಲ್ಲಿ, ನೆಲದಿಂದ ಸುಮಾರು 145 ಅಡಿ ಎತ್ತರದಲ್ಲಿ, ಬಾಲ್ಡ್ ಈಗಲ್ ಎಂಬ ಬಿಳಿತಲೆಯ ಹದ್ದಿನ ಜೋಡಿಯೊಂದು ಗೂಡು ಕಟ್ಟಿತು. ಗೂಡನ್ನು ನೋಡಿಕೊಳ್ಳುವ ಸ್ಥಳೀಯರು ಹೆಣ್ಣನ್ನು ಜಾಕಿ ಎಂದೂ ಗಂಡನ್ನು ಶ್ಯಾಡೋ ಎಂದೂ ಕರೆದರು. 2024ರಲ್ಲಿ ಜಾಕಿಯು ಮೂರು ಮೊಟ್ಟೆಗಳನ್ನಿಟ್ಟಿತು. ಹಿಮ ಸುರಿದು ಬೆನ್ನ ಮೇಲೆ ಹೆಪ್ಪುಗಟ್ಟಿದರೂ ಕದಲದೆ ಕಾವು ಕೊಟ್ಟಿತು. ಅವಧಿ ಮೀರಿತು, ವಾರಗಳು ಉರುಳಿದವು, ಮೂರರಲ್ಲಿ ಒಂದೂ ಒಡೆದು ಮರಿಯಾಗಲಿಲ್ಲ. ಮರುವರ್ಷ ಮತ್ತೆ ಮೂರು ಮೊಟ್ಟೆಗಳು. 2025ರ ಮಾರ್ಚ್ 3, 4 ಮತ್ತು 8ರಂದು ಮೂರೂ ಮರಿಗಳು ಹೊರಬಂದವು. ನೋಡುತ್ತಿದ್ದವರ ಸಂತೋಷಕ್ಕೆ ಪಾರವಿಲ್ಲವಾಯಿತು. ಆದರೆ ಮಾರ್ಚ್ 13ರ ಇರುಳು ಹಿಮದ ಬಿರುಗಾಳಿಯೆದ್ದಿತು. ಮರುದಿನ ತಾಯಿಯ ರೆಕ್ಕೆಯಡಿಯಲ್ಲಿ ಎರಡೇ ಮರಿಗಳು ಕಾಣಿಸಿಕೊಂಡವು. ಮೂರನೆಯದು ಸತ್ತಿದ್ದಿತು. ಉಳಿದ ಎರಡು, ಸನ್ನಿ ಮತ್ತು ಗಿಜ್ಮೋ ಎಂದು ಹೆಸರು ಪಡೆದವು, ಆ ಜೂನ್ ತಿಂಗಳಲ್ಲಿ ಗೂಡಿನಿಂದ ಹಾರಿದವು.

ಇಂಥ ಗೂಡುಗಳನ್ನು ನೋಡುವವರಿಂದ ಇಂಥ ಸಂದರ್ಭಗಳಲ್ಲೆಲ್ಲ ಬರುವ ಮೊರೆ ಒಂದೇ: ‘ಯಾರಾದರೂ ಏಕೆ ಹೋಗಬಾರದು? ಒಂದು ಹೊದಿಕೆಯನ್ನೇಕೆ ಕಟ್ಟಬಾರದು? ಬಡಕಲು ಮರಿಗೆ ಒಂದು ಮೀನನ್ನೇಕೆ ಹಾಕಬಾರದು?’ ಗೂಡನ್ನು ನೋಡಿಕೊಳ್ಳುವವರ ಉತ್ತರವೂ ಸಾಮಾನ್ಯವಾಗಿ ಒಂದೇ: ‘ಇದು ಕಾಡಿನ ಬಾಳು, ಮನುಷ್ಯನು ಕೈಹಾಕತಕ್ಕದ್ದಲ್ಲ.’ ಮನೆಯ ಮಗುವೊಂದು ಆ ಚಿತ್ರವನ್ನು ಕಂಡು ತಾಯಿಯ ಸೆರಗನ್ನು ಹಿಡಿದು, ‘ಅವ್ವಾ, ಎಲ್ಲರೂ ನೋಡುತ್ತಲೇ ಇದ್ದಾರಲ್ಲ, ಒಬ್ಬರೂ ಕಾಪಾಡಲಿಲ್ಲವೇಕೆ?’ ಎಂದು ಕೇಳಿದರೆ ಆ ತಾಯಿಯು ಏನು ಹೇಳಬೇಕು? ದಯೆಯನ್ನು ಕಲಿಸಬೇಕಾದ ಮನೆಯಲ್ಲಿ, ಸಾಯುವುದನ್ನು ನೋಡಿಯೂ ಸುಮ್ಮನಿರುವ ಪಾಠವನ್ನು ಕಲಿಸಿದಂತಾಗುವುದಿಲ್ಲವೆ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕೇಳುವ ಮಗುವಿನ ಮನಸ್ಸಿನಲ್ಲಿ ಧರ್ಮದ ಮೊಳಕೆಯೇ ಇದೆ. ಅದನ್ನು ಚಿವುಟದೆ, ಸರಿಯಾದ ಕಡೆಗೆ ಬಾಗಿಸುವುದು ಹಿರಿಯರ ಕೆಲಸ.

ಮೊದಲು ಕೈಹಾಕಬೇಕೆನ್ನುವವರ ಪಕ್ಷವನ್ನು ಪೂರ್ತಿಯಾಗಿ ಕೇಳೋಣವಾಗಲಿ. ಅವರ ವಾದ ಹೀಗೆ: ನೋವು ಎಲ್ಲಿದ್ದರೂ ನೋವೇ. ಅದಕ್ಕೆ ಕಾರಣ ಬಿರುಗಾಳಿಯೋ ಮನುಷ್ಯನೋ ಎಂಬುದು ನೋಯುವ ಮರಿಗೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ನೀಗಿಸುವ ಶಕ್ತಿಯಿದ್ದೂ ನೀಗಿಸದವನು ಆ ನೋವಿನಲ್ಲಿ ಪಾಲುಗಾರನು. ‘ಪ್ರಕೃತಿಯ ನಿಯಮ’ ಎಂಬ ಮಾತನ್ನು ಹಿಡಿದು ಹೊರಟರೆ ರೋಗಿಗೆ ಔಷಧವನ್ನೂ ಹಸಿದವನಿಗೆ ಅನ್ನವನ್ನೂ ನಿರಾಕರಿಸಬಹುದಲ್ಲ! ಈ ವಾದದಲ್ಲಿ ಬಲವಿದೆ. ದಯೆಯು ಕಾರಣವನ್ನು ಕೇಳಿ ಹುಟ್ಟುವುದಿಲ್ಲ, ನೋವನ್ನು ಕಂಡು ಹುಟ್ಟುತ್ತದೆ ಎಂಬ ಮಾತು ಸತ್ಯವಾದುದು. ಆದರೆ ಹುಟ್ಟಿದ ದಯೆಯು ಕೃತಿಯಾಗುವ ಮೊದಲು ವಿವೇಕದ ಹೊಸ್ತಿಲನ್ನು ದಾಟಲೇಬೇಕು. ಆ ಹೊಸ್ತಿಲಲ್ಲಿ ಮೂರು ಪ್ರಶ್ನೆಗಳು ನಿಂತಿವೆ.

ಮೊದಲನೆಯ ಪ್ರಶ್ನೆ: ನೀಗಬೇಕಾಗಿರುವ ನೋವು ಯಾರದು? ಹದ್ದಿನ ಮರಿಯ ಹಸಿವನ್ನು ಕಂಡು ಮರುಗುವವನು ಗಂಡುಹದ್ದು ಮೀನನ್ನು ತಂದಾಗ ಹಿಗ್ಗುತ್ತಾನೆ. ಆ ಮೀನು ಒಮ್ಮೊಮ್ಮೆ ಗೂಡಿನಲ್ಲಿ ಇನ್ನೂ ಮಿಡುಕುತ್ತಿರುತ್ತದೆ. ಅದರ ಕಡೆಗೆ ಮರುಗುವವರು ವಿರಳ. ಮಾಂಸಾಹಾರವನ್ನು ತೊರೆದ ಮನೆಗಳಲ್ಲಿ ಈ ದೃಶ್ಯವು ಮನಸ್ಸನ್ನು ಕಲಕುವುದುಂಟು. ಕೆಲವರು ಮುಖ ತಿರುಗಿಸುವುದೂ ಉಂಟು. ಹದ್ದಿಗೆ ಇದರಲ್ಲಿ ಪಾಪವಿಲ್ಲ. ಆಯ್ಕೆಯಿಲ್ಲದೆಡೆ ಪಾಪಪುಣ್ಯಗಳ ಲೆಕ್ಕವಿಲ್ಲ. ಆದರೆ ನೋಡುವವನಿಗೆ ಇದರಲ್ಲೊಂದು ಎಚ್ಚರಿಕೆಯಿದೆ. ಕ್ಯಾಮೆರಾವು ಯಾರ ಮನೆಯಲ್ಲಿ ನಿಂತಿದೆಯೋ ಅವರ ಪಕ್ಷವನ್ನು ಮನಸ್ಸು ತನಗರಿವಿಲ್ಲದೆ ಹಿಡಿಯುತ್ತದೆ. ಕ್ಯಾಮೆರಾವು ಸರೋವರದ ತಳದಲ್ಲಿದ್ದಿದ್ದರೆ ಅದೇ ಹದ್ದು ಕ್ರೂರಿಯಾಗಿ ಕಾಣುತ್ತಿತ್ತು. ಚಿತ್ರದ ಚೌಕಟ್ಟು ಎಲ್ಲಿ ಮುಗಿಯುವುದೋ ಅಲ್ಲಿಯೇ ಮುಗಿಯುವ ಕರುಣೆಯು ಇನ್ನೂ ಎಳೆಯದು. ಅದು ದಯೆಯಾಗಿ ಮಾಗಬೇಕಾದರೆ ಚೌಕಟ್ಟಿನಾಚೆಯ ಜೀವವನ್ನೂ ನೆನೆಯಬೇಕು.

ಇನ್ನೊಂದು ಸೂಕ್ಷ್ಮವಿದೆ. ನೋಡುವವನು ನೀಗಿಸಬಯಸುವುದು ಎಷ್ಟೋ ವೇಳೆ ತನ್ನದೇ ಸಂಕಟವನ್ನು. ನೋಡಲಾರದ ಸಂಕಟ, ಸುಮ್ಮನಿರಲಾರದ ಚಡಪಡಿಕೆ—ಇವು ಅವನವು. ಹೆಸರಿಟ್ಟು, ದಿನವೂ ನೋಡಿ, ‘ನಮ್ಮ ಹಕ್ಕಿ’ ಎಂದು ಕರೆದ ಮೇಲೆ ಮಮಕಾರವು ಬೇರೂರುತ್ತದೆ. ಮ್ಯಾಸಚೂಸೆಟ್ಸ್ ರಾಜ್ಯದ ವುಡ್ಸ್ ಹೋಲ್‌ನಲ್ಲಿ ಮೀನು ಹಿಡಿಯುವ ಆಸ್‌ಪ್ರೇ ಎಂಬ ಹಕ್ಕಿಯ ಗೂಡಿಗೆ ಕ್ಯಾಮೆರಾ ಇಟ್ಟಿದ್ದರು. 2014ರಲ್ಲಿ ತಾಯಿಹಕ್ಕಿಯು ಮರಿಗಳನ್ನು ಕಡೆಗಣಿಸಿ ಕುಕ್ಕತೊಡಗಿದುದನ್ನು ಕಂಡ ಜನರು ಕ್ಯಾಮೆರಾ ಇಟ್ಟವರ ಮೇಲೆ ಕನಿಕರವಿಲ್ಲದ ಮಾತುಗಳನ್ನು ಎರಚಿದರು. ಆ ತಾಯಿಹಕ್ಕಿಯನ್ನೂ ಮನುಷ್ಯಸ್ತ್ರೀಯನ್ನು ಬೈಯುವಂತೆ ಬೈದರು. ಕಾಲಕ್ರಮದಲ್ಲಿ ಆ ಕ್ಯಾಮೆರಾವನ್ನೇ ನಿಲ್ಲಿಸಬೇಕಾಯಿತು. ಮರಿಯ ಮೇಲಣ ಕರುಣೆಯೆಂದು ಆರಂಭವಾದುದು ಮನುಷ್ಯರ ಮೇಲಣ ಕೋಪವಾಗಿ ಮುಗಿಯಿತು. ದಯೆಯೂ ಮೋಹವೂ ಮೊಳಕೆಯಲ್ಲಿ ಒಂದೇ ತೆರನಾಗಿ ತೋರುತ್ತವೆ, ಫಲದಲ್ಲಿ ಬೇರೆಯಾಗುತ್ತವೆ. ಕಣ್ಣೀರಿನ ಬೆನ್ನಲ್ಲೇ ಬಿರುನುಡಿಯು ಹೊರಟರೆ ಆ ಕಣ್ಣೀರಿನ ಮೂಲವನ್ನು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಎರಡನೆಯ ಪ್ರಶ್ನೆ: ಚಾಚಿದ ಕೈಯು ನಿಜವಾಗಿ ಏನು ಮಾಡುತ್ತದೆ? ಮನುಷ್ಯನು 145 ಅಡಿ ಮರವನ್ನೇರಿದರೆ ಕಾವಿಗೆ ಕುಳಿತ ಹದ್ದು ಬೆದರಿ ಏಳುತ್ತದೆ. ಅಷ್ಟರಲ್ಲಿ ಮೊಟ್ಟೆಯೋ ಎಳೆಮರಿಯೋ ಚಳಿಗೆ ಸಿಲುಕುತ್ತದೆ. ಬೆಳೆದ ಮರಿಗಳಾದರೆ ರೆಕ್ಕೆ ಬಲಿಯುವ ಮೊದಲೇ ಹೆದರಿ ಹಾರಿ ಕೆಳಗುರುಳುವ ಅಪಾಯವಿದೆ. ಈ ಕಾರಣದಿಂದಲೇ ಆ ದೇಶದಲ್ಲಿ 1940ರಿಂದ ಈ ಹದ್ದನ್ನು ಕಾಪಾಡುವ ಕಾನೂನಿದ್ದು, ಅಪ್ಪಣೆಯಿಲ್ಲದೆ ಗೂಡನ್ನು ಕೆಣಕಕೂಡದೆಂಬ ಕಟ್ಟಳೆಯಿದೆ. 2014ರಲ್ಲಿ ಮಿನೆಸೋಟಾ ರಾಜ್ಯದ ಗೂಡೊಂದರಲ್ಲಿ ಮರಿಯೊಂದು ಗಾಯಗೊಂಡು ಕದಲಲಾರದಾಯಿತು. ಕೈಹಾಕುವುದಿಲ್ಲವೆಂದು ಇಲಾಖೆಯವರು ಮೊದಲು ಹೇಳಿದರು. ನೋಟಕರ ಒತ್ತಾಯವು ಹೆಚ್ಚಲು ಮರಿಯನ್ನು ಇಳಿಸಿ ಹದ್ದುಗಳ ಚಿಕಿತ್ಸಾಲಯಕ್ಕೆ ಒಯ್ದರು. ಅದರ ರೆಕ್ಕೆಯು ಕೂಡಿಸಲಾರದಷ್ಟು ಮುರಿದಿದ್ದಿತು, ಸೋಂಕೂ ಹರಡಿದ್ದಿತು. ನೋವನ್ನು ಮುಗಿಸಲು ವೈದ್ಯರು ಅದಕ್ಕೆ ಮರಣವನ್ನೇ ನೀಡಬೇಕಾಯಿತು. ಒತ್ತಾಯಿಸಿದವರು ತಪ್ಪಿತಸ್ಥರೆಂದಾಗಲಿ ಮೊದಲು ನಿರಾಕರಿಸಿದವರು ಕಟುಕರೆಂದಾಗಲಿ ಇದರಿಂದ ಸಿದ್ಧವಾಗುವುದಿಲ್ಲ. ಮರಿಯ ನರಳಾಟವು ಬೇಗ ಮುಗಿದುದೂ ಒಂದು ಉಪಕಾರವೆನ್ನಬಹುದು. ಸಿದ್ಧವಾಗುವುದಿಷ್ಟೆ: ಕಂಡ ಮಾತ್ರಕ್ಕೆ ಕಾಪಾಡುವ ಶಕ್ತಿಯು ಬರುವುದಿಲ್ಲ, ನೋಟವು ಕೊಡುವ ಅರಿವು ಯಾವಾಗಲೂ ಅಪೂರ್ಣವಾದುದು.

ಮೂರನೆಯ ಪ್ರಶ್ನೆಯೇ ಮುಖ್ಯವಾದುದು: ಈ ನೋವನ್ನು ತಂದವರು ಯಾರು? ಬಿರುಗಾಳಿಯು ತಂದ ನೋವಿಗೆ ಒಂದು ನ್ಯಾಯ. ಮನುಷ್ಯನು ತಂದ ನೋವಿಗೆ ಇನ್ನೊಂದು. ಮೊದಲನೆಯದರಲ್ಲಿ ಮನುಷ್ಯನು ಸಾಕ್ಷಿಯಾಗಿರಬಲ್ಲನು. ಎರಡನೆಯದರಲ್ಲಿ ಅವನು ಸಾಕ್ಷಿಯಲ್ಲ, ಸಾಲಗಾರನು. ತಾನು ಮಾಡಿದ ಸಾಲವನ್ನು ‘ಪ್ರಕೃತಿಯ ನಿಯಮ’ ಎಂದು ಹೇಳಿ ತೀರಿಸಲು ಬಾರದು.

ನ್ಯೂಜಿಲೆಂಡಿನ ಟಯಾರೋವಾ ಭೂಶಿರದಲ್ಲಿ ರಾಯಲ್ ಆಲ್ಬಟ್ರಾಸ್ ಎಂಬ ದೊಡ್ಡ ಕಡಲಹಕ್ಕಿಗಳ ನೆಲೆಯಿದೆ. ಅಲ್ಲಿ ಮನುಷ್ಯನ ಕಾವಲಿನಲ್ಲಿ ಮೊದಲ ಮರಿಯು ಬೆಳೆದು ಹಾರಿದುದು 1938ರಲ್ಲಿ. 2016ರಿಂದ ಅಲ್ಲಿಯ ಗೂಡನ್ನು ಕ್ಯಾಮೆರಾದ ಮೂಲಕ ಲೋಕಕ್ಕೆ ತೋರಿಸುತ್ತ ಬಂದಿದ್ದಾರೆ. ಅಲ್ಲಿಯ ಕಾವಲಿನವರು ಕೈಕಟ್ಟಿ ಕುಳಿತುಕೊಳ್ಳುವುದಿಲ್ಲ. ಮರಿಗಳನ್ನು ತೂಗುತ್ತಾರೆ, ತೂಕ ಕಡಮೆಯಾದರೆ ಮೇಲಾಹಾರವನ್ನು ಕೊಡುತ್ತಾರೆ, ಬಿಸಿಲೇರಿದ ದಿನ ನೀರನ್ನು ಚಿಮುಕಿಸಿ ತಂಪು ಮಾಡುತ್ತಾರೆ. ಅಲ್ಲಿ ಕೈಹಾಕುವುದು ಸಲ್ಲುವುದೇಕೆ? ಆ ದ್ವೀಪಕ್ಕೆ ಬೆಕ್ಕು ಮುಂತಾದ ಬೇಟೆಯ ಪ್ರಾಣಿಗಳನ್ನು ತಂದು ಬಿಟ್ಟವನು ಮನುಷ್ಯನು. ನೆಲದ ಮೇಲೆ ಗೂಡು ಮಾಡುವ ಹಕ್ಕಿಗೆ ಅವುಗಳಿಂದ ರಕ್ಷಣೆಯಿಲ್ಲ. ಸಂಖ್ಯೆಯೂ ಸ್ವಲ್ಪ. ಕೆಡಿಸಿದ ಕೈಯೇ ಅಲ್ಲಿ ಕಾಯುವ ಕೈಯಾಗಿದೆ. ಬಿಗ್ ಬೇರ್‌ನ ಸಂಯಮಕ್ಕೂ ಟಯಾರೋವಾದ ಶುಶ್ರೂಷೆಗೂ ವಿರೋಧವಿಲ್ಲ. ಎರಡಕ್ಕೂ ಮೂಲವಾದ ನ್ಯಾಯವು ಒಂದೇ.

ಈ ನ್ಯಾಯವನ್ನು ಹಿಡಿದು ನೋಡಿದರೆ ಹದ್ದಿನ ಗೂಡಿನ ಕಥೆಯೇ ಬೇರೆಯಾಗಿ ತೋರುತ್ತದೆ. ಬಿರುಗಾಳಿಗಿಂತ ದೊಡ್ಡ ಮೃತ್ಯುವೊಂದು ಆ ಜಾತಿಯನ್ನು ಹಿಂದೊಮ್ಮೆ ಕಾಡಿದ್ದಿತು. ಬೆಳೆಯ ಹುಳುಗಳಿಗೆಂದು ಎರಚಿದ ಡಿಡಿಟಿಯು ಮಳೆನೀರಿನೊಡನೆ ಹೊಳೆಗೆ ಸೇರಿ, ಮೀನಿನ ಮೈಯನ್ನು ಹೊಕ್ಕು, ಮೀನನ್ನು ತಿಂದ ಹದ್ದಿನ ಒಡಲಲ್ಲಿ ಶೇಖರವಾಯಿತು. ಮೊಟ್ಟೆಯ ಚಿಪ್ಪಿಗೆ ಬೇಕಾದ ಸುಣ್ಣದಂಶವು ಸರಿಯಾಗಿ ಕೂಡಿಕೊಳ್ಳದೆ ಚಿಪ್ಪು ತೆಳುವಾಯಿತು. ಕಾವಿಗೆ ಕುಳಿತ ತಾಯಿಯ ಭಾರಕ್ಕೇ ಮೊಟ್ಟೆಗಳು ಒಡೆದವು. 1963ರಲ್ಲಿ, ಅಲಾಸ್ಕಾವನ್ನು ಬಿಟ್ಟು ಅಮೆರಿಕದ ಮುಖ್ಯಭೂಮಿಯಲ್ಲಿ ಲೆಕ್ಕಕ್ಕೆ ಸಿಕ್ಕಿದ ಗೂಡುಕಟ್ಟುವ ಜೋಡಿಗಳು 417 ಮಾತ್ರ. ಅದಕ್ಕೆ ಹಿಂದಿನ ವರ್ಷ, 1962ರಲ್ಲಿ, ರೇಚೆಲ್ ಕಾರ್ಸನ್ ಎಂಬ ವಿದುಷಿಯು ಈ ವಿಷಗಳ ಬಗ್ಗೆ ಗ್ರಂಥವನ್ನು ಬರೆದು ಜನರನ್ನು ಎಚ್ಚರಿಸಿದ್ದಳು. 1972ರಲ್ಲಿ ಆ ದೇಶವು ಡಿಡಿಟಿಯ ಬಳಕೆಯನ್ನು ನಿಷೇಧಿಸಿತು. 2007ರ ಹೊತ್ತಿಗೆ ಜೋಡಿಗಳು 9,000ಕ್ಕೂ ಮಿಕ್ಕಿ, ಹದ್ದನ್ನು ಅಳಿವಿನಂಚಿನ ಪಟ್ಟಿಯಿಂದ ತೆಗೆದರು. ಇಂದು ಕ್ಯಾಮೆರಾದ ಮುಂದೆ ನಲಿಯುವ ಮರಿಯನ್ನು ಬದುಕಿಸಿದುದು ಅಂದಿನ ಆ ಕೆಲಸ. ಆಗ ಗೂಡಿನ ಮುಂದೆ ಕ್ಯಾಮೆರಾ ಇರಲಿಲ್ಲ. ಯಾರೂ ಒಂದು ಮರಿಯ ಹೆಸರು ಹಿಡಿದು ಅತ್ತಿರಲಿಲ್ಲ. ಆದರೂ ಅದು ದಯೆಯ ಕಾರ್ಯವೇ. ಕಣ್ಣಿಗೆ ಕಾಣದ ಜೀವಕ್ಕಾಗಿ ಮಾಡಿದ ದಯೆ.

ಇಂಥ ಕೆಲಸವು ಮುಗಿದಿಲ್ಲ. ಡಿಕೋರಾದ ಗೂಡಿನಿಂದ 2012ರಲ್ಲಿ ಹಾರಿದ ಮರಿಗಳಲ್ಲಿ ಎರಡು ಅದೇ ವರ್ಷ ವಿದ್ಯುತ್ ಕಂಬಗಳಲ್ಲಿ ಆಘಾತ ತಾಗಿ ಸತ್ತವು. ಗೂಡಿನಲ್ಲಿದ್ದಾಗ ಲೋಕವೆಲ್ಲ ಕಾಯುತ್ತಿದ್ದ ಮರಿಗಳನ್ನು ಕೊಂದುದು ಹೊದಿಕೆಯಿಲ್ಲದ ತಂತಿ. ಬೇಟೆಗಾರರ ಸೀಸದ ಗುಂಡಿನ ಚೂರುಗಳಿರುವ ಹೆಣಗಳನ್ನು ತಿಂದು ಹದ್ದುಗಳಿಗೆ ವಿಷವೇರುತ್ತದೆ. 38 ರಾಜ್ಯಗಳ 1,210 ಹದ್ದುಗಳನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನವು ಹೆಚ್ಚುಕಡಮೆ ಅರ್ಧದಷ್ಟು ಹಕ್ಕಿಗಳ ಮೈಯಲ್ಲಿ ದೀರ್ಘಕಾಲದ ಸೀಸದ ವಿಷವನ್ನು ಕಂಡಿತು. ತಂತಿಗೆ ಹೊದಿಕೆ ಹಾಕುವುದಕ್ಕೆ, ಗುಂಡಿನ ಲೋಹವನ್ನು ಬದಲಿಸುವುದಕ್ಕೆ ಯಾರೂ ಮರವನ್ನೇರಬೇಕಾಗಿಲ್ಲ. ಇವು ಚಿತ್ರದಲ್ಲಿ ಕಾಣುವುದಿಲ್ಲ. ಕಾಣದಿರುವುದರಿಂದಲೇ ಇವುಗಳಿಗಾಗಿ ಮೊರೆಯಿಡುವವರು ಕಡಮೆ. ಕಂಡುದಕ್ಕೆ ಅಳುವ ಕಣ್ಣು, ಕಾಣದುದನ್ನು ವಿಚಾರಿಸುವ ಬುದ್ಧಿ—ಇವೆರಡೂ ಕೂಡಿದಲ್ಲಿ ಮಾತ್ರ ಹೊಣೆಯು ಪೂರ್ಣವಾಗುತ್ತದೆ.

ನೋಟವನ್ನೇ ಸೇವೆಯನ್ನಾಗಿ ಮಾಡಿದ ಒಂದು ಸುಂದರವಾದ ಉದಾಹರಣೆಯು ನೆದರ್‌ಲೆಂಡ್ಸ್ ದೇಶದ ಉಟ್ರೆಕ್ಟ್ ನಗರದಲ್ಲಿದೆ. ಅಲ್ಲಿಯ ಕಾಲುವೆಯಲ್ಲಿ ದೋಣಿಗಳನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ನೀರಿನ ಕದವೊಂದಿದೆ. ವಸಂತದ ಆರಂಭದಲ್ಲಿ ಮೀನುಗಳು ಮೊಟ್ಟೆಯಿಡಲು ಮೇಲಣ ಆಳವಿಲ್ಲದ ನೀರನ್ನು ಅರಸಿ ಹೊರಡುತ್ತವೆ. ಆಗ ದೋಣಿಗಳ ಸಂಚಾರ ಕಡಮೆಯಾದುದರಿಂದ ಕದವು ಮುಚ್ಚಿಯೇ ಇರುತ್ತದೆ. ಅದರ ಮುಂದೆ ಗುಂಪುಗೂಡಿ ಕಾಯುವ ಮೀನುಗಳು ನೀರುಹಕ್ಕಿಗಳಿಗೆ ಸುಲಭವಾದ ತುತ್ತಾಗುತ್ತವೆ. 2021ರಲ್ಲಿ ಅಲ್ಲಿ ನೀರಿನೊಳಗೆ ಕ್ಯಾಮೆರಾವನ್ನಿಟ್ಟರು. ಲೋಕದ ಯಾವ ಮೂಲೆಯಲ್ಲಿದ್ದವರಾದರೂ ನೋಡಬಹುದು. ಮೀನು ಕಂಡೊಡನೆ ಗುಂಡಿಯನ್ನೊತ್ತಿ ಕರೆಗಂಟೆ ಬಾರಿಸಬಹುದು. ಮೀನುಗಳು ಸಾಕಷ್ಟು ಕೂಡಿವೆಯೆಂದು ತಿಳಿದಾಗ ಕದದ ಕಾವಲುಗಾರನು ಅದನ್ನು ತೆರೆಯುತ್ತಾನೆ. ಕದವನ್ನು ಕಟ್ಟಿ ದಾರಿಯನ್ನು ತಡೆದವನು ಮನುಷ್ಯನು. ಆದುದರಿಂದ ತೆರೆಯುವ ಹೊಣೆಯೂ ಅವನದೇ. ಇಲ್ಲಿ ಮೀನಿಗೆ ಯಾರೂ ಹೆಸರಿಟ್ಟಿಲ್ಲ; ಬಾಗಿಲು ದಾಟಿದ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಕೃತಜ್ಞತೆಯನ್ನೂ ಫಲವನ್ನೂ ಬಯಸದೆ, ಕಂಡುದನ್ನು ತಿಳಿಸಿ ಸುಮ್ಮನಾಗುವ ಈ ಸಣ್ಣ ಕೆಲಸದಲ್ಲಿ ಕಾಯಕದ ಸ್ವರೂಪವು ಚೆನ್ನಾಗಿ ತೋರುತ್ತದೆ.

ಕ್ಯಾಮೆರಾ ಇಲ್ಲದೆಯೂ ಇದೇ ವಿವೇಕವನ್ನು ಬಾಳಿ ತೋರಿಸಿದ ಹಳ್ಳಿಯೊಂದು ಕನ್ನಡನಾಡಿನಲ್ಲಿಯೇ ಇದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಣ ಹುಣಿಸೆಮರಗಳಲ್ಲಿ ಗೂಡು ಕಟ್ಟುತ್ತವೆ. ಊರವರು ಗೂಡನ್ನು ಕೆಣಕುವುದಿಲ್ಲ. ಹಕ್ಕಿಗಳಿರುವಾಗ ಹುಣಿಸೆಯ ಫಸಲನ್ನೂ ಬಿಟ್ಟುಕೊಟ್ಟವರುಂಟು. ಆದರೆ ಗೂಡಿನಿಂದ ನೆಲಕ್ಕೆ ಬಿದ್ದ ಮರಿಗೆ ಊರಿನ ಬೀದಿಯಲ್ಲಿ ನಾಯಿಗಳ ಭಯವಿದೆ, ತಾಯಿಯು ಇಳಿದು ಉಣಿಸುವಂತಿಲ್ಲ. ಅಂಥ ಮರಿಗಳನ್ನು ಹೆಜ್ಜಾರ್ಲೆ ಬಳಗದವರು ಎತ್ತಿ ಸಾಕಿ ಬಿಡುವ ಪದ್ಧತಿಯನ್ನು ನಡೆಸಿದರು. ಮರದ ಮೇಲಿನದು ಹಕ್ಕಿಯ ಸಂಸಾರ. ಬೀದಿಗೆ ಬಿದ್ದುದು ಊರಿನ ಹೊಣೆ. ಶಾಸ್ತ್ರಗ್ರಂಥಗಳಿಂದ ಕಲಿಯದ ಈ ಗೆರೆಯನ್ನು ಅವರು ನೆರೆಹೊರೆಯ ಬಾಳಿನಿಂದಲೇ ಕಲಿತರು.

ಇನ್ನು ತಾಯಿಯ ಸೆರಗು ಹಿಡಿದ ಮಗುವಿಗೆ ಉತ್ತರವು ಕಷ್ಟವಲ್ಲ. ‘ಅಲ್ಲಿ ಹೋಗಿದ್ದರೆ ಉಳಿದೆರಡು ಮರಿಗಳಿಗೂ ಅಪಾಯವಾಗುತ್ತಿತ್ತು, ಮಗು. ಆ ತಾಯಿಗೆ ಅದರ ಕೆಲಸವು ಗೊತ್ತಿದೆ. ನಮ್ಮ ಕೈಗೆ ಎಟಕುವ ಹಕ್ಕಿಗೆ ನಾವೇನು ಮಾಡಬಲ್ಲೆವೋ ಅದನ್ನು ಮಾಡೋಣ’ ಎಂದು ಹೇಳಿದರೆ ಸುಳ್ಳೂ ಆಗದು, ಮೊಳಕೆಯೂ ಚಿವುಟದು. ಹೇಳಿದ ಮೇಲೆ ಮಾಡಿ ತೋರಿಸಬೇಕು. ಬೇಸಿಗೆಯಲ್ಲಿ ಅಂಗಳದಲ್ಲೊಂದು ಬೋಗುಣಿ ನೀರಿಟ್ಟು ದಿನವೂ ತೊಳೆದು ತುಂಬುವುದು. ಮರದಲ್ಲಿ ಗೂಡಿರುವ ತಿಂಗಳುಗಳಲ್ಲಿ ಕೊಂಬೆಗಳನ್ನು ಕಡಿಸದಿರುವುದು. ಗಾಜುಪುಡಿ ಸವರಿದ ಗಾಳಿಪಟದ ದಾರವನ್ನು ಮನೆಗೆ ತರದಿರುವುದು. ತಂತಿಗೆ ತಾಗಿ ಹಕ್ಕಿಗಳು ಸಾಯುವ ಜಾಗವು ತಿಳಿದಿದ್ದರೆ ವಿದ್ಯುತ್ ಇಲಾಖೆಯವರಿಗೆ ಅರ್ಜಿ ಬರೆಯುವುದು. ಗರಿ ಮೂಡಿ ಹಾರಲು ಕಲಿಯುತ್ತಿರುವ ಮರಿಯು ನೆಲದಲ್ಲಿ ಕಂಡರೆ ದೂರ ಸರಿದು, ಬೆಕ್ಕು ನಾಯಿಗಳನ್ನು ಒಳಗೆ ಕಟ್ಟಿಹಾಕಿದರೆ ಸಾಕು. ತಂದೆತಾಯಿಗಳು ಹತ್ತಿರದಲ್ಲಿಯೇ ಇರುತ್ತವೆ. ಗರಿಯಿಲ್ಲದ ಎಳೆಮರಿಯು ಬಿದ್ದಿದ್ದರೆ ಮೆಲ್ಲನೆ ಎತ್ತಿ ಗೂಡಿನಲ್ಲಿಡಬಹುದು. ಮನುಷ್ಯನು ಮುಟ್ಟಿದ ಮರಿಯನ್ನು ತಾಯಿ ಬಿಟ್ಟುಬಿಡುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಎಲ್ಲಿ ಸುಮ್ಮನಿರಬೇಕು, ಎಲ್ಲಿ ಎತ್ತಬೇಕು ಎಂಬ ಇಷ್ಟು ಸಣ್ಣ ಭೇದದಲ್ಲಿಯೇ ಮಗುವು ಆ ದೊಡ್ಡ ಪಾಠವನ್ನು ಕಲಿತಂತಾಗುತ್ತದೆ.

ಹಾಗಾದರೆ ದೂರದ ಗೂಡನ್ನು ನೋಡುವುದು ವ್ಯರ್ಥವೆ ಎಂಬ ಶಂಕೆಯು ಬರಬಹುದು. ವ್ಯರ್ಥವಲ್ಲ. ಒಡೆಯದ ಮೊಟ್ಟೆಗಳ ಮೇಲೆ ವಾರಗಟ್ಟಲೆ ಕುಳಿತ ಹದ್ದನ್ನು ಕೊನೆಯವರೆಗೂ ನೋಡಿದವನು ಒಂದು ಕಷ್ಟವಾದ ಅಭ್ಯಾಸವನ್ನು ಮಾಡಿದ್ದಾನೆ. ಇನ್ನೊಂದು ಜೀವದ ಬಳಿ, ಅದನ್ನು ತನ್ನಿಷ್ಟದಂತೆ ತಿದ್ದಲು ಹೋಗದೆ, ಬಿಟ್ಟು ಓಡಿಹೋಗಲೂ ಹೋಗದೆ, ನಿಂತಿರುವ ಅಭ್ಯಾಸವದು. ಗೃಹಸ್ಥನಿಗೆ ಇದರ ಅಗತ್ಯವು ಬಹಳ. ಮುಪ್ಪಿನ ತಂದೆಯ ವಾಸಿಯಾಗದ ರೋಗದ ಮುಂದೆ, ಬೆಳೆದ ಮಗನು ತಾನೇ ಆರಿಸಿಕೊಂಡ ಕಷ್ಟದ ಹಾದಿಯ ಮುಂದೆ, ಮಾಡುವುದು ಏನೂ ಉಳಿಯದ ಗಳಿಗೆಗಳು ಎಲ್ಲರ ಬಾಳಿನಲ್ಲಿಯೂ ಬರುತ್ತವೆ. ಆಗ ಚಡಪಡಿಕೆಯಿಂದ ಏನನ್ನಾದರೂ ಮಾಡಿ ಕೆಡಿಸುವವರುಂಟು. ನೋಡಲಾರೆನೆಂದು ಮುಖ ಮರೆಸುವವರುಂಟು. ಬಳಿಯಲ್ಲಿ ಕುಳಿತಿರಬಲ್ಲವನ ದಯೆಯು ಇವೆರಡಕ್ಕಿಂತ ಹಿರಿದು.

ಕಂಡವನ ಹೊಣೆಯು ಹೀಗೆ ಎರಡು ತೆರನಾದುದು. ತನ್ನಿಂದಾಗದ ನೋವಿನ ಮುಂದೆ, ತನ್ನ ಕೈಯಿಂದ ಕೆಡಕೇ ಹೆಚ್ಚುವಲ್ಲಿ, ತಡೆದುಕೊಳ್ಳುವುದು. ತನ್ನವರಿಂದಾದ ನೋವನ್ನು, ಅದು ಕಣ್ಣಿಗೆ ಕಾಣದಿದ್ದರೂ, ಹುಡುಕಿ ಹೋಗಿ ನೀಗಿಸುವುದು. ಮೊದಲನೆಯದನ್ನು ಮಾತ್ರ ಹಿಡಿದವನು ಕಲ್ಲಾಗುತ್ತಾನೆ. ಎರಡನೆಯದನ್ನು ಮಾತ್ರ ಹಿಡಿದವನು ಎಲ್ಲದರಲ್ಲಿಯೂ ಕೈಯಾಡಿಸುವ ಅಹಂಕಾರಕ್ಕೆ ಬೀಳುತ್ತಾನೆ. ಬರುವ ವಸಂತದಲ್ಲಿ ಹಿಮದ ನಾಡಿನ ಗೂಡುಗಳಲ್ಲಿ ಮತ್ತೆ ಮೊಟ್ಟೆಗಳು ಒಡೆಯುತ್ತವೆ. ಕೆಲವು ಮರಿಗಳು ಹಾರುತ್ತವೆ, ಕೆಲವು ಹಾರುವುದಿಲ್ಲ. ಸದ್ಭಕ್ತರು ಅವನ್ನು ಅಗತ್ಯವಾಗಿ ನೋಡಲಿ, ಮಕ್ಕಳಿಗೂ ತೋರಿಸಲಿ. ನೋಡಿ ಎದ್ದ ಮೇಲೆ ಬಾಗಿಲು ತೆರೆದು, ತಮ್ಮದೇ ಅಂಗಳದ ಬೋಗುಣಿಯಲ್ಲಿ ನೀರಿದೆಯೇ ಎಂದು ಒಮ್ಮೆ ನೋಡಲಿ.